ಅಕ್ಕನ ಸಿಳ್ಳೆ

ಜೂನ್ 4, ಬೆಳಿಗ್ಗೆ

ಪೋಲಿ ಇವತ್ತೂ ಕೈಕೊಟ್ಟ. ಮೋರಿ ಹತ್ತಿರ ಚೈನ್ ಬಿಚ್ಚಿದ್ದೇ ತಪ್ಪಾಯಿತು. ಮುಂಗುಸಿ ಹಿಂದೆ ಪೊದೆಗೆ ನುಗ್ಗಿದವನು ಎಷ್ಟು ಕರೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಟಲು ಹರಿದುಕೊಂಡದ್ದಷ್ಟೇ ಬಂತು. ಆಮೇಲೆ ಹಾಲಿನವನ ಸ್ಕೂಟರ್ ಹಿಂದೆ ಬಾಲ ಅಲ್ಲಾಡಿಸುತ್ತ ಬಂದ, ಏನೂ ನಡೆದೇ ಇಲ್ಲ ಎನ್ನುವ ಹಾಗೆ. ಹೆಸರಿಗೆ ತಕ್ಕ ನಾಯಿ. ಹೆಸರಿಟ್ಟವಳು ಅಕ್ಕ.

ಮನೆಗೆ ಬಂದು ಅವಳ ಮಂಚದ ಪಕ್ಕ ನಿಂತು ಹಾಜರಿ ಒಪ್ಪಿಸಿದೆ. ಹೆಡ್‌ಮಾಸ್ಟರ್ ಮುಂಗುಸಿ — ಹಾಜರ್. ಉಡ — ಗೈರು. ಪೊಟರೆಯ ಗೂಬೆ ಜೋಡಿ — ಹಾಜರ್, ಆದರೆ ತೂಕಡಿಕೆ. ಅಳಿಲು ನನ್ನ ಹೊಲಿಗೆ ಮೇಜಿನಿಂದ ಮತ್ತೊಂದು ಕೆಂಪು ಚಿಂದಿ ಕದ್ದುಕೊಂಡು ಹೋಗಿದೆ.

ಅಕ್ಕ ಗೋಡೆ ಕಡೆ ಹೊರಳಿದಳು.

ವರ್ಷಗಟ್ಟಲೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೂ ಚಟ ಬಿಡಲಿಲ್ಲ. ಬೆಳಿಗ್ಗೆ ನಾಯಿ ಜತೆ ಒಂದು ಸುತ್ತು ಹೋಗಿ ಬಂದು, ದಾರಿಯಲ್ಲಿ ಕಂಡವಕ್ಕೆಲ್ಲ ಹಾಜರಿ ಹಾಕುತ್ತಿದ್ದಳು. ನಾನು ಗುಂಡಿ ಹೊಲಿಯುತ್ತ ಹೂಂಗುಡುತ್ತಿದ್ದೆ, ಅರ್ಧ ಕೇಳಿಸಿಕೊಂಡು. ಫೆಬ್ರವರಿಯಲ್ಲಿ ಬಚ್ಚಲಲ್ಲಿ ಬಿದ್ದಳು. ಸ್ಟ್ರೋಕ್. ಬಲಗಡೆ ಸೋತಿತು, ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಈಗ ಕೋಲೂರಿ ನಡೆಯಬಲ್ಲಳು, ಮನಸ್ಸು ಮಾಡಿದರೆ. ಮಾಡುವುದಿಲ್ಲ.

ಜೂನ್ 7

ಫಿಜಿಯೋ ಹುಡುಗಿ ಬಂದಿದ್ದಳು. ಒಂದು ಕಾಲಕ್ಕೆ ಅಕ್ಕನ ವಿದ್ಯಾರ್ಥಿನಿ. ಈಗಲೂ ಅರ್ಧ ಭಯ.

“ಮೇಡಂ, ತುಟಿ ಮುಂದಕ್ಕೆ ತನ್ನಿ. ಸಿಳ್ಳೆ ಹಾಕೋ ತರ. ಸೌಂಡ್ ಬರದಿದ್ರೂ ಪರವಾಗಿಲ್ಲ.”

ಸಿಳ್ಳೆ ಅಂದದ್ದೇ ತಡ, ಅಕ್ಕನ ಮುಖ ಗಂಟಿಕ್ಕಿತು. “ಬೇಡ.” ಈಗ ಅವಳ ಬಾಯಲ್ಲಿ ಸ್ಪಷ್ಟವಾಗಿ ಬರುವುದು ಅದೊಂದೇ ಮಾತು.

ಗೇಟಿನ ಹತ್ತಿರ ಹುಡುಗಿ ನನ್ನನ್ನು ತಡೆದಳು. “ಅಂಕಲ್, ಮುಖದ ಎಕ್ಸರ್‌ಸೈಜ್ ಈಗ ಮಾಡದಿದ್ರೆ ಆಮೇಲೆ ಕಷ್ಟ. ಮಾತು ಹೀಗೇ ಉಳಿದುಬಿಡಬಹುದು. ಹೇಗಾದ್ರೂ ಮಾಡಿ ಒಪ್ಪಿಸಿ.”

ಒಪ್ಪಿಸುವುದಂತೆ! ಹುಟ್ಟಿದಾಗಿನಿಂದ ಅಕ್ಕನನ್ನು ಯಾರಾದರೂ ಒಪ್ಪಿಸಿದ್ದುಂಟೆ?

ಆದರೆ ಯಾಕೆ ಬೇಡ ಎನ್ನುತ್ತಾಳೆ ಎಂದು ನನಗೆ ಗೊತ್ತು. ಎಂಥ ಸಿಳ್ಳೆ ಅದು! ಬೆರಳು ಹಚ್ಚದೆ, ಬರೀ ತುಟಿಯಿಂದ. ಎರಡು ಗಿಡ್ಡ, ಒಂದು ಉದ್ದ. ಉದ್ದದ್ದು ಕೊನೆಯಲ್ಲಿ ಸ್ವಲ್ಪ ಮುರಿಯುತ್ತಿತ್ತು — ಚಿಕ್ಕವಳಿದ್ದಾಗ ಸೀಬೆ ಮರದಿಂದ ಬಿದ್ದು ಮುಂದಿನ ಹಲ್ಲಿನ ಚೂರು ಹಾರಿತ್ತಲ್ಲ, ಅಲ್ಲಿಂದ ಗಾಳಿ ಸೋರುತ್ತಿತ್ತು. ಮೈದಾನದಲ್ಲಿ ಒಮ್ಮೆ ಹಾಕಿದರೆ ಇಡೀ ಶಾಲೆ ಗಪ್‌ಚುಪ್.

ಅಮ್ಮ ಬೈಯುತ್ತಿದ್ದಳು, “ಹೆಣ್ಣು ಹುಡುಗಿ ಹೀಗಾ ಸಿಳ್ಳೆ ಹಾಕೋದು?” ಅಕ್ಕ ಅದಕ್ಕೂ ಒಂದು ಸಿಳ್ಳೆಯಲ್ಲೇ ಉತ್ತರ ಕೊಡುತ್ತಿದ್ದಳು.

ಸಂಜೆ ನಾನು ಕೆರೆಯಲ್ಲಿ ಗೊದಮೊಟ್ಟೆ ಹಿಡಿಯುತ್ತ ಮೈಮರೆತಿದ್ದರೆ ದಂಡೆಯ ಮೇಲಿಂದ ಅದೇ ಸಿಳ್ಳೆ. ಚಡ್ಡಿ ಹಿಡಿದುಕೊಂಡು ಓಡುತ್ತಿದ್ದೆ. ಪೋಲಿಯನ್ನು ಕರೆಯುವುದಕ್ಕೆ ಎಷ್ಟೋ ಮೊದಲು ಅದು ನನ್ನನ್ನು ಕರೆಯುತ್ತಿದ್ದ ಸಿಳ್ಳೆ.

ಜೂನ್ 15, ಬೆಳಿಗ್ಗೆ

ಗಿರಾಕಿಯ ಬಟ್ಟೆ ಬದಿಗಿಟ್ಟು ಮೊದಲು ಇದನ್ನು ಬರೆಯುತ್ತಿದ್ದೇನೆ.

ಮೋರಿ ಹತ್ತಿರ ಇದ್ದೆವು. ಸಿಳ್ಳೆ ಕೇಳಿತು. ಎರಡು ಗಿಡ್ಡ, ಒಂದು ಉದ್ದ. ಕೊನೆ ಮುರಿದದ್ದು.

ಪೋಲಿ ಕಿವಿ ನಿಮಿರಿಸಿ ಓಡಿದ. ನಾನು ಮನೆ ಕಡೆ ತಿರುಗಿದೆ — ಅಕ್ಕ ಎದ್ದು ಬಂದಳು! ದಾರಿ ಖಾಲಿ. ಪೋಲಿ ಮೋರಿ ಪಕ್ಕದ ದೊಡ್ಡ ಮರಕ್ಕೆ ಮುಂಗಾಲು ಕೊಟ್ಟು ನಿಂತಿದ್ದ. ಮೇಲೆ ಕಾಜಾಣ. ಕಪ್ಪು ಹಕ್ಕಿ, ಬಾಲದಿಂದ ಎರಡು ದಾರ ಇಳಿಬಿಟ್ಟ ಹಾಗೆ ಗರಿ. ಬೆಕ್ಕಿನ ಹಾಗೆ ಮಿಯಾಂವ್ ಅಂತು. ಹಾಲಿನವನ ಹಾರ್ನ್ ಬಾರಿಸಿತು. ಆಮೇಲೆ ಮತ್ತೆ ಅಕ್ಕನ ಸಿಳ್ಳೆ. ಹಲ್ಲಿನ ಸಂದಿನ ಗಾಳಿ ಸಮೇತ.

ಎಷ್ಟು ವರ್ಷ ಆ ಮರದ ಕೆಳಗೆ ನಿಂತು ಪೋಲಿಯನ್ನು ಕರೆದಿದ್ದಳೋ, ಇದು ಕೂತು ಕಲಿತಿದೆ. ಮೋರಿ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ. ಪೋಲಿ ಬಂದು ಕಿವಿ ನೆಕ್ಕಿದ.

ಮಧ್ಯಾಹ್ನ

ಅಕ್ಕನಿಗೆ ಹೇಳಿದೆ. “ಸುಳ್ಳು” ಅಂದಳು. ಅರ್ಧ ಬಾಯಲ್ಲಿ, ಆದರೆ ಬೈಗುಳ ಪೂರ್ತಿ.

“ನೀನೇ ಬಂದು ಕೇಳು.”

“ಬೇಡ.”

ಜೂನ್ 17

ಫೋನಲ್ಲಿ ರೆಕಾರ್ಡ್ ಮಾಡಲು ಹೋದೆ. ಬಂದದ್ದು ಪೋಲಿಯ ಬೊಗಳು ಮತ್ತು “ಶ್, ಸುಮ್ನಿರೋ” ಎಂಬ ನನ್ನ ಧ್ವನಿ. ಅಕ್ಕನಿಗೆ ಅದನ್ನೇ ಕೇಳಿಸಿದೆ. ತುಟಿ ಒಂದು ಕಡೆ ಸ್ವಲ್ಪ ಮೇಲೆ ಹೋಯಿತು. ನಕ್ಕಳೋ, ಎಳೆತವೋ.

ಮಳೆ ಹಿಡಿದರೆ ಹಕ್ಕಿ ಎಲ್ಲಿಗೆ ಹೋಗುತ್ತದೋ. ಅಷ್ಟರೊಳಗೆ ಇವಳು ಏಳಬೇಕು.

ಜೂನ್ 22

ಕಾಫಿ ಲೋಟ ಕೆಳಗಿಟ್ಟು “ಚಪ್ಪಲಿ” ಅಂದಳು. ನಾನು ತುಟಿಪಿಟಕ್ಕೆನ್ನದೆ ತಂದು ಹಾಕಿದೆ. ಮಾತಾಡಿದರೆ ಮನಸ್ಸು ಬದಲಾಯಿಸುವ ಜಾತಿ.

ಮೋರಿವರೆಗೆ ನಿಂತು ನಿಂತು ಹೋದೆವು. ಕಟ್ಟೆ ಮೇಲೆ ಕೂರಿಸಿದೆ. ಕಾಜಾಣ ಮರದಲ್ಲೇ ಇತ್ತು. ಬೆಕ್ಕಿನ ಕೂಗು ಕೂಗಿತು. ಹಾರ್ನ್ ಆಯಿತು. ಅಳಿಲೂ ಆಯಿತು. ಸಿಳ್ಳೆ ಮಾತ್ರ ಇಲ್ಲ. “ಇರು, ಈಗ ಹಾಕತ್ತೆ” ಎಂದು ನಾನು ಹೇಳಿದ್ದೇ ಹೇಳಿದ್ದು. ಮಾನ ಹೋಯಿತು.

ಅಕ್ಕ ನನ್ನ ಮುಖ ನೋಡಿದಳು. “ಗೈರು.”

ಅಷ್ಟರಲ್ಲಿ ಇಷ್ಟು ದಿನ ಗೈರಾಗಿದ್ದ ಉಡ ಬೇಲಿಯಿಂದ ಇಣುಕಿತು. ಪೋಲಿ ಚೈನ್ ಕಿತ್ತುಕೊಂಡು ಅದರ ಹಿಂದೆ ಹೊಲಕ್ಕೆ ಹಾರಿದ. ಹೊಲದಾಚೆ ರಸ್ತೆ. ತಿರುವಿನಲ್ಲಿ ಟ್ರ್ಯಾಕ್ಟರ್ ಸದ್ದು. “ಪೋಲೀ! ಬಾರೋ!” ಎಂದು ಅರಚಿದೆ. ಅವನು ಕೇಳಬೇಕಲ್ಲ.

ಪಕ್ಕದಲ್ಲಿ ಫೂ ಎಂದಿತು. ಅಕ್ಕ. ತುಟಿ ಮುಂದೆ ತಂದಿದ್ದಾಳೆ, ಕುತ್ತಿಗೆ ನರ ಎದ್ದಿದೆ. ಫೂ... ಫೂ... ಬರೀ ಗಾಳಿ, ಎಂಜಲು.

ಕಾಜಾಣ ಕತ್ತು ಓರೆ ಮಾಡಿ ಕೆಳಗೆ ನೋಡಿತು. ಆಮೇಲೆ ಹಾಕಿತು. ಎರಡು ಗಿಡ್ಡ, ಒಂದು ಉದ್ದ.

ಪೋಲಿ ಹೊಲದ ನಡುವೆ ನಿಂತ. ಮರ ನೋಡಿದ. ಕಟ್ಟೆ ನೋಡಿದ. ಮರವನ್ನು ಬಿಟ್ಟು ನೇರ ಅಕ್ಕನ ಹತ್ತಿರ ಓಡಿಬಂದು ಕಾಲ ಬಳಿ ಕೂತ. ಟ್ರ್ಯಾಕ್ಟರ್ ಧೂಳೆಬ್ಬಿಸಿ ಹೋಯಿತು.

ಅಕ್ಕ ಸೆರಗಿನಲ್ಲಿ ಗಲ್ಲ ಒರೆಸಿಕೊಂಡು ಮೇಲೆ ನೋಡಿದಳು. ಕಣ್ಣು ತುಂಬಿತ್ತು.

“ಕಳ್ಳ... ನಂದು ಅದು.”

ಫೆಬ್ರವರಿಯಿಂದೀಚೆಗೆ ಅವಳು ಆಡಿದ ಅತಿ ಉದ್ದದ ಮಾತು.

ಜೂನ್ 24

ಕೋಣೆಯೊಳಗಿಂದ ಫೂ, ಫೂ. ನಾನು ಒಳಗೆ ಹೋದರೆ ನಿಲ್ಲುತ್ತದೆ. ಕೇಳದವನ ಹಾಗೆ ಮೆಷಿನ್ ಜೋರಾಗಿ ತುಳಿಯುತ್ತಿದ್ದೇನೆ. ಗಿರಾಕಿಯ ಕುಪ್ಪಸದ ತೋಳು ಉಲ್ಟಾ ಕೂತಿದೆ. ಕೂತಿರಲಿ.

ಜುಲೈ 1

ಮಳೆ. ಮರ ಖಾಲಿ. “ಕಾಜಾಣ — ಗೈರು” ಅಂದೆ. ಅಕ್ಕ ಈ ಸಲ ಗೋಡೆ ಕಡೆ ತಿರುಗಲಿಲ್ಲ.

ಜುಲೈ 19, ಬೆಳಿಗ್ಗೆ

ಮೆಷಿನ್‌ಗೆ ಎಣ್ಣೆ ಬಿಟ್ಟು ಈ ಡೈರಿ ಹಿಡಿದು ಕೂತಿದ್ದೇನೆ. ಮಳೆ ಬಿಟ್ಟಿದೆ. ಅಳಿಲು ಕಿಟಕಿಯಲ್ಲಿ, ಚಿಂದಿ ಮೇಲೆ ಕಣ್ಣು. ಪೋಲಿ ಮೇಜಿನಡಿ ಮಲಗಿ

ಸಿಳ್ಳೆ!

ಬಂದೇಬಿಟ್ಟಿತು ಕಳ್ಳ ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ತಂತಿ ಮೇಲಿಲ್ಲ. ಸೀಬೆ ಮರದಲ್ಲಿಲ್ಲ. ಪೋಲಿ ಹೊರಗೆ ಹೋಗಲೇ ಇಲ್ಲ. ಅಕ್ಕನ ಕೋಣೆಗೆ ಓಡಿದ.

ಮತ್ತೆ ಕೇಳಿತು. ಸಣ್ಣದು, ಗಾಳಿಯೇ ಹೆಚ್ಚು. ಕೊನೆ ಮುರಿದಿದೆ.

ನಾಯಿ ಅಲ್ಲೇ ಇದ್ದಾನಲ್ಲ, ಇನ್ನೂ ಯಾಕೆ ಹಾಕುತ್ತಿದ್ದಾಳೆ? ಇಗೋ, ಮತ್ತೆ. ಅಯ್ಯೋ, ಇದು ನನಗೆ —