ಮೆಟ್ಟಿಲ ತಿರುವಿನ ವೈಫೈ

ಜೂನ್ 21, ಶನಿವಾರ. ಕುಮಾರಸ್ವಾಮಿ ಲೇಔಟ್.

ಅಮ್ಮನ ವಿಡಿಯೋ ಕಾಲ್ ಮೆಟ್ಟಿಲ ತಿರುವಿನಲ್ಲೇ ಯಾಕೆ ಕಟ್ಟಾಗುತ್ತದೆ ಎಂಬುದು ವಾರದಿಂದ ತಲೆ ತಿನ್ನುತ್ತಿತ್ತು. ಕೆಳಗೊಂದು, ಮೇಲೊಂದು ವೈಫೈ ಡಬ್ಬಿ. ಎರಡಕ್ಕೂ ವೈರ್ ಇದೆ. ಆದರೆ ಮೇಲಿನದು ಪಕ್ಕದಲ್ಲೇ ಇದ್ದರೂ ಫೋನ್ ಕೆಳಗಿನದನ್ನೇ ಹಿಡಿದುಕೊಂಡು ಒದ್ದಾಡುತ್ತದೆ.

ಇವತ್ತು ಅವೆರಡನ್ನೂ ತೆಗೆದು, ಆಫೀಸಿನ ಯುವರಾಜ್ ಬಿಟಿಎಂ ಲೇಔಟಿನ ತನ್ನ ಮನೆಯಿಂದ ತಂದುಕೊಟ್ಟ ಮೆಶ್ ಡಬ್ಬಿಗಳನ್ನಿಟ್ಟೆ. ಇವು ತಮ್ಮತಮ್ಮಲ್ಲೇ ಮಾತಾಡಿಕೊಂಡು ಫೋನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವಂತೆ. ಆ ಮಾತು ವೈರಿನಲ್ಲಲ್ಲ, ಗಾಳಿಯಲ್ಲೇ ನಡೆಯುವುದರಿಂದ ಮೇಲೆ ನನ್ನ ರೂಮಿನಲ್ಲಿ ವೇಗ ಅರ್ಧಕ್ಕಿಳಿಯಿತು. ಇಳಿಯಲಿ, ದಾಟುತ್ತದೋ ಇಲ್ಲವೋ ನೋಡಬೇಕಿತ್ತು.

ಸಂಜೆ ಚಿಕ್ಕಮ್ಮನ ಜೊತೆ ಮಾತಾಡುತ್ತಿದ್ದ ಅಮ್ಮ, "ತಡಿಯೇ, ಗಿಡಕ್ಕೆ ನೀರ್ ಹಾಕ್ಬೇಕು" ಎಂದು ಟೆರೇಸಿನ ಮೆಟ್ಟಿಲು ಹತ್ತಿದಳು. ನಾನೂ ಹಿಂದೆಯೇ ಹೋದೆ. ತಿರುವಿನಲ್ಲಿ ನಿಂತು ಫೋನನ್ನೇ ನೋಡಿದಳು. ಕಟ್ಟಾಗಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

"ಅಕ್ಕಾ, ಇವತ್ತಾದ್ರೂ ಹೇಳು," ಎಂದಳು ಚಿಕ್ಕಮ್ಮ. "ಮೈತ್ರಿ ಗಂಡನ ಮನೆಗೆ ಯಾವಾಗ ವಾಪಸ್ ಹೋಗ್ತಾಳೆ?"

ಅಮ್ಮ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಫೋನಿಗೆ ಹೇಳಿದಳು: "ಎಲ್ಲಿಗೂ ಹೋಗಲ್ಲ ಕಣೇ. ಇದೇ ಅವಳ ಮನೆ."

ಡಬ್ಬಿಗಳನ್ನು ಸೋಮವಾರ ಯುವರಾಜ್‌ಗೆ ವಾಪಸ್ ಕೊಡಬೇಕು. ಮೆಶ್ ಕೊಳ್ಳುವುದೋ, ಹಳೆಯವನ್ನೇ ಮತ್ತೆ ಹಾಕುವುದೋ, ತೋಚುತ್ತಿಲ್ಲ. ಯೋಚಿಸಿದರೆ, ಕಾಲ್ ಕಟ್ಟಾಗುತ್ತದೆ ಎಂದು ದೂರುತ್ತಿದ್ದವಳು ಚಿಕ್ಕಮ್ಮ. ಅಮ್ಮ ಒಂದು ದಿನವೂ ದೂರಲಿಲ್ಲ. ಚಿಕ್ಕಮ್ಮ ನನ್ನ ವಿಷಯ ತೆಗೆದಾಗಲೆಲ್ಲ ಅವಳಿಗೆ ಟೆರೇಸಿನ ಗಿಡಗಳಿಗೆ ನೀರು ಹಾಕುವುದು ನೆನಪಾಗುತ್ತಿತ್ತು. ಮಳೆ ಬಂದ ದಿನವೂ...