ಕೈ ಕೇಳಿದ ಸಂಗೀತ

ನನ್ನ ಮುದ್ದಿನ ಗ್ರಹಚಾರವೇ,

ನಿನ್ನ ಬಾಹ್ಯಾಕಾಶದ ವಿಡಿಯೋ ಗೇಮಿಗೆ ಅಂತ ನೀನು ಕಳಿಸಿದ ಮೂರೂ ಸಂಗೀತ ಕೇಳಿದೆ. ಸೋಮವಾರದೊಳಗೆ ನೀನು ಒಂದನ್ನು ಆರಿಸದಿದ್ದರೆ ನಿನ್ನ ಬಾಸೇ ಆರಿಸಿಬಿಡ್ತಾನಲ್ಲ, ಅದಕ್ಕೇ ಈ ಅವಸರದ ಕಾಗದ.

ಮೊದಲನೇದು ಬರೀ ಡ್ರಮ್ಮು. ರಾಕೆಟ್ಟಿಗೆ ರಾಕ್ ಅಂತ ಬಾಸಿಗೆ ಹೊಳೆದಿರಬೇಕು. ಮೇಜಿನ ಮೇಲಿದ್ದ ನನ್ನ ಹಲ್ಲುಸೆಟ್ಟು ಕುಣಿದು ಕೆಳಗೆ ಬಿತ್ತು. ಎರಡನೇದು ಪಿಟೀಲು ಅಂತ ನೀನು ಬರೆದಿದ್ದೀಯ, ನಂಬಿದೆ. ಮೂರನೇದೇ ಸರಿ. ಆ ತಗ್ಗು ಗುಂಯ್, ನಡುವೆ ಒಂದೊಂದು ಢಮ್. ಸ್ಪೀಕರ್ ಮೇಲಿಟ್ಟ ಅಂಗೈಯಿಂದ ಮೊಣಕೈವರೆಗೂ ಹತ್ತಿತು. ಗಾಳಿಯೇ ಇಲ್ಲದ ಕಡೆ ನಿನ್ನ ಗಗನಯಾತ್ರಿಗೂ ಹೀಗೇ ಅಲ್ವಾ, ನೌಕೆಯ ಗೋಡೆ ಮುಟ್ಟಿದರೆ ಮಾತ್ರ ಸದ್ದು?

ಅಂಗೈ ಯಾಕೆ ತಾತ ಅಂತೀಯ. ಹೋದ ತಿಂಗಳು ಕಿವಿ ಕೈಕೊಟ್ಟಿತು, ಅದಕ್ಕೇ ಈಗ ಕೈ ಕಿವಿಗೊಡ್ತಿದೆ. ನಿಮ್ಮಮ್ಮನಿಗೆ ಹೇಳಬೇಡ. "ಅಪ್ಪಾ, ಬಂದು ನಮ್ಮನೇಲೇ ಇರು" ಅಂತ ಶುರುಮಾಡ್ತಾಳೆ. ಆ ರಾಗ ಕೇಳದಿದ್ದರೂ ನನಗೆ ಬಾಯಿಪಾಠ.

ಇನ್ನು ಫೋನ್ ಮಾಡಬೇಡ, ಕಾಗದ ಬರಿ. ಭಾನುವಾರ ಬಂದಾಗ ಕಿಟಕಿ ಎದುರು ನಿಂತು ಕೈ ಬೀಸು. ಬಾಗಿಲು ಬಡಿದರೆ ಪಕ್ಕದ ಮನೆಯವರು ಮಾತ್ರ ತೆಗೀತಾರೆ.

ಇನ್ನೂ ತಾಳ ತಪ್ಪದ,
ನಿನ್ನ ತಾತ