ಗಂಜಿ ತಿಳಿಯ ನೀಲಿ

ಮೂಡುಬಿದಿರೆ, ಗುರುವಾರ

ಪ್ರಿಯ ರಾಮಪ್ರಸಾದ್,

ಫೋನಿನಲ್ಲಿ ಈ ವಿಷಯ ತೆಗೆದರೆ ನೀವು "ಫೋನ್ ಅಮ್ಮನಿಗೆ ಕೊಡು" ಎನ್ನುತ್ತೀರಿ. ಅದಕ್ಕೇ ಶಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಸೋಮವಾರ ಹತ್ತನೆಯ ತರಗತಿಗೆ ಕಿಣ್ವದ ಪ್ರಯೋಗ ಮಾಡಿಸಿದೆ. ಗಂಜಿ ತಿಳಿಗೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. ಮಕ್ಕಳ ಜೊಲ್ಲು ಬೆರೆಸಿದ ನಳಿಕೆಯಲ್ಲಿ ಆ ನೀಲಿ ಮಾಯವಾಯಿತು. ಕುದಿಸಿದ ಜೊಲ್ಲು ಹಾಕಿದ್ದರಲ್ಲಿ ಹಾಗೆಯೇ ಉಳಿಯಿತು. ಮಂಜುಗಡ್ಡೆಯಲ್ಲಿಟ್ಟದ್ದರಲ್ಲಿ ನೀಲಿ ಹೋಗಲು ತುಂಬ ಹೊತ್ತು ಹಿಡಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ ಪುತ್ತಿಗೆಯ ಮನೆಯಲ್ಲೂ ಹೇಳಿಬಿಟ್ಟೆ.

"ಊರವರ ಎಂಜಲು ಮುಟ್ಟಿದ ಕೈಯಲ್ಲಿ ದೇವರ ನೈವೇದ್ಯ ಮಾಡ್ಲಿಕ್ಕುಂಟಾ?" ಎಂದರು ಮಾವ.

ಕೈ ತೊಳೆದಿದ್ದೇನೆ ಎಂದೆ.

"ಸಾಬೂನಲ್ಲಿ ಎಂಜಲು ಹೋಗ್ತದಾ ಮಾರಾಯ್ತಿ? ಕೆಲಸ ಬಿಡು. ಇಲ್ಲಿ ನಿನಗೆ ಏನು ಕಡಿಮೆ ಉಂಟು?" ಎಂದರು ಅತ್ತೆ.

ಅಂದಿನಿಂದ ನಾನು ಅಡುಗೆಮನೆಗೆ ಹೋಗುವ ಹಾಗಿಲ್ಲ. ಊಟ ಜಗಲಿಯಲ್ಲಿ. ತಿಂಗಳ ಕೊನೆಗೆ ರಾಜೀನಾಮೆ ಕೊಡಬೇಕಂತೆ. ನೀವೂ ಒಪ್ಪಿದ್ದೀರಂತೆ.

ಒಪ್ಪಿದ್ದು ನಿಜವಾದರೆ ಒಂದು ಉಪಕಾರ ಮಾಡಿ. ರಾಜೀನಾಮೆಯಲ್ಲಿ ಕಾರಣ ಬರೆಯಬೇಕು. ಎರಡು ದಿನದಿಂದ ಕುಳಿತರೂ ನನ್ನಿಂದ ಆಗುತ್ತಿಲ್ಲ. ಆ ಒಂದು ಸಾಲನ್ನು ನೀವೇ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿ.

ಶ್ರೀಪ್ರಿಯಾ